ಡೈವ್ ಪದಕ್ಕೆ ನಾನು ಹುಡುಕಿದ ಕನ್ನಡ

ಅನುವಾದ ಶುರು ಮಾಡಿದ ಹೊಸದರಲ್ಲಿ ಇಂಗ್ಲಿಷಿನ ‘ಡೈವ್’ ಕಂಡ ಕೂಡಲೇ ‘ಧುಮುಕು’ ಅಂತ ಬರೆದು ಮುಂದೆ ಹೋಗುತ್ತಿದ್ದೆ. ಒಂದು ಕಥೆಯಲ್ಲಿ ಇಬ್ಬರು ಹಳೆಯ ಗೆಳೆಯರು ರಾತ್ರಿ ಒಂದು ಡೈವ್‌ನಲ್ಲಿ ಭೇಟಿಯಾಗುತ್ತಾರೆ. ನಾನು ಅವರನ್ನು ಈಜುಕೊಳದ ದಡದಲ್ಲಿ ನಿಲ್ಲಿಸಿದ್ದೆ. ಕರಡು ಓದಿದ ಗೆಳತಿ ಆ ಸಾಲಿಗೆ ಗೆರೆ ಹಾಕಿದಳು. ನಿಜಕ್ಕೂ ಅವರು ಕೂತಿದ್ದದ್ದು ಅಗ್ಗದ ಹೆಂಡದಂಗಡಿಯಲ್ಲಿ. 19ನೇ ಶತಮಾನದ ಅಮೆರಿಕದಲ್ಲಿ, ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕಾದ ನೆಲಮಾಳಿಗೆಯ ಬಾರುಗಳಿಗೆ ಈ ಹೆಸರು ಬಂತು. ಆ ತಪ್ಪು ನನ್ನನ್ನು ತುಂಬ ದಿನ ಕಾಡಿತು. ಅಂದಿನಿಂದ ಈ ಪದ ಎಲ್ಲಿ ಬಂದರೂ ನಿಂತು ನೋಡುತ್ತೇನೆ.

ಮೂಲದಲ್ಲಿ ಇದು ನೀರೊಳಗಿನ ಪದ. ಹಳೆಯ ಇಂಗ್ಲಿಷಿನಲ್ಲಿ ತಾನೇ ಮುಳುಗುವುದಕ್ಕೆ ಒಂದು ಕ್ರಿಯಾಪದ, ಬೇರೇನನ್ನೋ ಅದ್ದುವುದಕ್ಕೆ ಇನ್ನೊಂದು ಇದ್ದವು. ಎರಡೂ ಬೆರೆತು ಇಂದಿನ ಡೈವ್ ಆಯಿತು. ಡೀಪ್, ಡಿಪ್ ಕೂಡ ಇದೇ ಬಳಗದವು. ಮೇಲಿನಿಂದ ಹಾರುವ ಅರ್ಥ ಆಮೇಲೆ ಸೇರಿಕೊಂಡಿತು.

ನನಗೆ ಹೆಚ್ಚು ಕಷ್ಟ ಕೊಟ್ಟಿದ್ದು ಇದೇ ಜಾಗ. ನಮ್ಮ ‘ಧುಮುಕು’ ನೀರು ಮುಟ್ಟುವ ಹೊತ್ತಿಗೆ ಮುಗಿದುಹೋಗುತ್ತದೆ. ‘ಮುಳುಗು’ ಅಲ್ಲಿಂದ ಶುರುವಾಗುತ್ತದೆ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದ ಸಾಕು. ಹಾಗಾಗಿ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಕಥೆ ನಡೆಯುತ್ತಿರುವುದು ನೀರಿನ ಮೇಲಾ, ಒಳಗಾ? ಒಲಿಂಪಿಕ್ಸಿನ 10 ಮೀಟರ್ ವೇದಿಕೆಯಿಂದ ಜಿಗಿಯುವವರಿಗೆ ಅಂಕ ಸಿಗುವುದು ಗಾಳಿಯಲ್ಲಿ ಮೈ ತಿರುಗಿಸುವ, ನೀರಿಗೆ ಸೇರುವ ರೀತಿಗೆ. ಅಲ್ಲಿ ಧುಮುಕು ಸರಿ. 1943ರಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ರೂಪಿಸಿದ ಉಸಿರಾಟದ ಸಾಧನ ಕಟ್ಟಿಕೊಂಡು ಹೋಗುವವನಿಗೆ ಜಿಗಿತ ಮುಖ್ಯವೇ ಅಲ್ಲ. ಅವನ ಕೆಲಸ ಇರುವುದೆಲ್ಲ ಕೆಳಗೆ. ಆದರೆ ಅವನು ‘ಮುಳುಗಿದ’ ಅಂತ ಸುಮ್ನೆ ಬರೆದರೆ ಓದುಗರ ಎದೆ ಝಲ್ಲೆನ್ನುತ್ತದೆ. ಆ ಮಾತಿನಲ್ಲಿ ವಾಪಸ್ ಬರುವ ಭರವಸೆ ಇಲ್ಲ, ಅಲ್ವಾ? ಅದಕ್ಕೇ ‘ನೀರಿಗಿಳಿದ’, ‘ಮುಳುಗು ಹಾಕಿದ’ ಅಂತ ಬರೆಯುತ್ತೇನೆ.

ನೀರು ಬಿಟ್ಟು ಹೊರಗೆ ಬಂದರೆ ಇನ್ನೊಂದು ಪ್ರಶ್ನೆ: ತಾನಾಗಿ ಹೋಯಿತಾ, ಕೈಮೀರಿ ಹೋಯಿತಾ? ಗಿಡುಗ ಬೇಟೆಯ ಮೇಲೆ ಎರಗುತ್ತದೆ. ಷೇರು ಬೆಲೆ ಧುಮುಕುವುದಿಲ್ಲ, ಕುಸಿಯುತ್ತದೆ. ಫುಟ್‌ಬಾಲಿನ ಡೈವ್ ಇವೆರಡರ ನಡುವಿನದು. ಆಟಗಾರ ತಾನಾಗಿ ಬೀಳುತ್ತಾನೆ, ಆದರೆ ಯಾರೋ ಬೀಳಿಸಿದಂತೆ ತೋರಿಸುತ್ತಾನೆ. ರೆಫರಿಗೆ ಗೊತ್ತಾದರೆ ಹಳದಿ ಕಾರ್ಡು. ಅದಕ್ಕೆ ‘ಬಿದ್ದಂತೆ ನಟಿಸಿದ’ ಅಂತ ಬರೆದಿದ್ದೆ. ಅವನು ನಿಜವಾಗಿ ನೆಲಕ್ಕೆ ಬಿದ್ದಿರುತ್ತಾನೆ, ಹಾಗಾಗಿ ಅದೂ ತಪ್ಪೇ. ಈಗ ‘ಬೇಕಂತಲೇ ಬಿದ್ದ’ ಅನ್ನುತ್ತೇನೆ. ಕ್ರಿಕೆಟ್ಟಿನಲ್ಲಿ ಮಾತ್ರ ಪದವನ್ನು ಮುಟ್ಟುವುದಿಲ್ಲ. ‘ಡೈವ್ ಹೊಡೆದು ಕ್ಯಾಚ್ ಹಿಡಿದ’ ಅನ್ನುವುದು ನಮ್ಮದೇ ಮಾತಾಗಿದೆ.

ಕೆಲವು ಕಡೆ ‘ಕೆಳಗೆ’ ಅನ್ನುವ ಅರ್ಥವೇ ಉಳಿದಿರುವುದಿಲ್ಲ, ಅವಸರ ಮಾತ್ರ ಇರುತ್ತದೆ. ಮಂಚದಡಿಗೆ ಡೈವ್ ಮಾಡಿದ ಮಗು ತೂರಿಕೊಳ್ಳುತ್ತದೆ. ಜೇಬಿಗೆ ಡೈವ್ ಮಾಡಿದ ಕೈಯನ್ನು ಸರಕ್ಕನೆ ಒಳಗೆ ಬಿಟ್ಟರೆ ಸಾಕು. ಊಟಕ್ಕೆ ಡೈವ್ ಮಾಡಿದವರು ಮುಗಿಬೀಳುತ್ತಾರೆ. ಇಲ್ಲಿ ಧುಮುಕು ಹೊಂದುವುದಿಲ್ಲ, ಯಾಕೆಂದರೆ ‘ಚಳವಳಿಗೆ ಧುಮುಕಿದ’ ಅಂದಾಗ ನಮಗೆ ಅದರಲ್ಲಿ ಧೈರ್ಯ, ಅಪಾಯ ಎರಡೂ ಕೇಳಿಸುತ್ತವೆ. ಆ ಬಲವನ್ನು ಊಟದ ತಟ್ಟೆಗೆ ಖರ್ಚು ಮಾಡಲು ನನಗೆ ಮನಸ್ಸಿಲ್ಲ. ಕಚೇರಿಗಳಲ್ಲಿ ಈಗ ಜಾಸ್ತಿ ಓಡಾಡುವ ‘ಡೀಪ್ ಡೈವ್’ಗೆ ‘ಆಳಕ್ಕಿಳಿದು ನೋಡು’ ಚೆನ್ನಾಗಿ ಹೊಂದುತ್ತದೆ.

ಇನ್ನೂ ಸಿಕ್ಕದಿರುವುದು ಬಾಕ್ಸಿಂಗಿನ ಡೈವ್. ಮೊದಲೇ ಒಪ್ಪಂದ ಮಾಡಿಕೊಂಡು ಸೋಲುವುದಕ್ಕೆ ಈ ಮಾತು. ‘ಬೇಕಂತಲೇ ಸೋತ’ ಅಂದರೆ ಬೀಳುವುದು ಕಾಣುವುದಿಲ್ಲ, ‘ಬೇಕಂತಲೇ ಬಿದ್ದ’ ಅಂದರೆ ಸೋಲು ಕಾಣುವುದಿಲ್ಲ. ಸದ್ಯಕ್ಕೆ ‘ಮಾತಾದಂತೆ ನೆಲಕ್ಕೆ ಬಿದ್ದು ಸೋತ’ ಅಂತ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೇನೆ.