ಪ್ಲಗ್ ಕೂತರೆ ಸಾಲದು: ಹಳೆ ಕಂಪ್ಯೂಟರಿಗೆ ಮೌಸ್, ಟ್ರ್ಯಾಕ್‌ಬಾಲ್ ಜೋಡಿಸುವ ಬಗೆ

ತುಮಕೂರಿನ ಗುಜರಿ ಅಂಗಡಿಯಲ್ಲಿ ಒಂಬತ್ತು ತೂತಿನ ಪ್ಲಗ್ಗಿನ ಮೌಸ್ ಸಿಕ್ಕರೆ ಅದು ಹೆಚ್ಚಾಗಿ ಹಳೆ ಪಿಸಿಯ ಸೀರಿಯಲ್ ಮೌಸೇ ಆಗಿರುತ್ತದೆ. ಎಂಬತ್ತರ ದಶಕದ ಮನೆ ಕಂಪ್ಯೂಟರುಗಳಾದ ಅಮಿಗಾ, ಅಟಾರಿ ಎಸ್‌ಟಿಗಳ ಪೋರ್ಟಿಗೂ ಸಲೀಸಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಸೀರಿಯಲ್ ಮೌಸಿನ ಚಿಪ್ ಚಲನೆಯನ್ನು ಲೆಕ್ಕ ಹಾಕಿ 1200 ಬಾಡ್ ವೇಗದಲ್ಲಿ ಮೂರು ಮೂರು ಬೈಟಾಗಿ ಕಳಿಸುತ್ತದೆ. ಅಮಿಗಾಗೆ ಬೇಕಿರುವುದು ಕ್ವಾಡ್ರೇಚರ್, ಅಂದರೆ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ತಂತಿಯಲ್ಲಿ ನೇರವಾಗಿ ಬರುವ ಪಲ್ಸು. ತಂತಿ ಅದಲುಬದಲು ಮಾಡಿ ಇದನ್ನು ಸರಿಪಡಿಸಲಾಗದು. ಮೈಕ್ರೊಕಂಟ್ರೋಲರ್ (ಸಂಕೇತವನ್ನು ಬದಲಿಸಿ ಕೊಡುವ ಪುಟ್ಟ ಚಿಪ್) ಇರುವ ಅಡಾಪ್ಟರೇ ಬೇಕು. ಪಿಎಸ್/2, ಯುಎಸ್‌ಬಿ ಮೌಸ್‌ಗೂ ಇದೇ ಮಾತು.

ಎಸ್‌ಟಿ ಮೌಸ್ ಅಮಿಗಾಗೆ ಬೇಕಿದ್ದರೆ ಕೆಲಸ ಸುಲಭ: 1 ಮತ್ತು 4ನೇ ಪಿನ್ ಅದಲುಬದಲಾಗಬೇಕು, ಅಷ್ಟೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡಿಬಿ-9 ಎಂಬ ಒಂಬತ್ತು ಪಿನ್ನಿನ ಕನೆಕ್ಟರ್ ಗಂಡು (ಪಿನ್ ಇರುವುದು) ಒಂದು, ಹೆಣ್ಣು (ತೂತಿರುವುದು) ಒಂದು ತನ್ನಿ. ಹೆಣ್ಣು ಕಂಪ್ಯೂಟರಿಗೆ, ಗಂಡು ಮೌಸಿಗೆ. 1ರಿಂದ 4ಕ್ಕೆ, 4ರಿಂದ 1ಕ್ಕೆ. 2, 3, 6, 7, 8, 9 ನೇರ. 6 ಎಡ ಬಟನ್, 9 ಬಲ ಬಟನ್, 7 ಐದು ವೋಲ್ಟ್, 8 ಗ್ರೌಂಡ್. ಬೆಸುಗೆ ಹಾಕುವ ಬದಿಯಿಂದ ನೋಡಿದಾಗ ಅಂಕೆಗಳು ತಿರುಗುಮುರುಗಾಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಸಿಕ್ಕಿಸುವ ಮೊದಲು 7 ಮತ್ತು 8ರ ನಡುವೆ ಶಾರ್ಟ್ ಇಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿ. ಕೆಲವು ಮೌಸ್‌ಗಳ ಹೊಟ್ಟೆಯಡಿ ಅಮಿಗಾ–ಅಟಾರಿ ಸ್ವಿಚ್ ಇರುತ್ತದೆ. ಇದ್ದರೆ ಈ ಕೇಬಲ್ಲೇ ಬೇಡ.

ಬಾಣ ನಿಂತಲ್ಲೇ ನಡುಗುತ್ತಿದ್ದರೆ ಜೋಡಿಯ ಒಂದು ಪಲ್ಸ್ ಬರುತ್ತಿಲ್ಲ ಅಥವಾ ಅದಲುಬದಲೇ ಆಗಿಲ್ಲ. ಒಂದೇ ದಿಕ್ಕು ಉಲ್ಟಾ ಆದರೆ ಆ ಜೋಡಿಯ ಎರಡು ತಂತಿ ತಿರುಗಿಸಿ. ಅಮಿಗಾ ಬದಿಯಲ್ಲಿ 1–3 ಮೇಲೆ-ಕೆಳಗೆ, 2–4 ಅಕ್ಕಪಕ್ಕ. ಬಿಟ್ಟುಬಿಟ್ಟು ಓಡಿದರೆ ತಂತಿಗಿಂತ ಮೊದಲು ಧೂಳನ್ನು ಅನುಮಾನಿಸಿ. ನಮ್ಮ ಬಯಲುಸೀಮೆ ಬೇಸಿಗೆಯಲ್ಲಿ ಮೌಸಿನೊಳಗೆ ಚೆಂಡು ತಿರುಗಿಸುವ ರೋಲರ್ ಮೇಲೆ ಕರೀ ಪಟ್ಟಿ ಕಟ್ಟಲು ಹೆಚ್ಚು ದಿನ ಬೇಡ. ಉಗುರಿನಲ್ಲಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ.

ಕಮೊಡೊರ್ 64 ಎಂಬ ಇನ್ನೊಂದು ಹಳೆ ಮನೆ ಕಂಪ್ಯೂಟರಿನ ದಾರಿಯೇ ಬೇರೆ. ಅದರ 1351 ಮೌಸ್ ಚಲನೆಯನ್ನು ಪ್ಯಾಡಲ್ (ಗುಂಡಿ ತಿರುಗಿಸುವ ಆಟದ ಹಿಡಿ) ಪಿನ್‌ಗಳ (5, 9) ಮೂಲಕ ಸಿಡ್ ಎಂಬ ಧ್ವನಿ ಚಿಪ್ಪಿಗೆ ಕೊಡುತ್ತದೆ. ಬಲ ಬಟನ್ ಒತ್ತಿಹಿಡಿದು ಆನ್ ಮಾಡಿದರೆ ಜಾಯ್‌ಸ್ಟಿಕ್ಕಿನಂತೆ ವರ್ತಿಸುತ್ತದೆ. ಹಳೆಯ 1350ಕ್ಕೆ ಜಾಯ್‌ಸ್ಟಿಕ್ ವೇಷ ಬಿಟ್ಟು ಬೇರೆ ಗೊತ್ತಿಲ್ಲ. ದುಡ್ಡು ಕೊಡುವ ಮೊದಲು ಅಂಕೆ ಓದಿ. ಅಮಿಗಾ ಮೌಸನ್ನು ಪೋರ್ಟ್ 1ಕ್ಕೆ ಹಾಕಿ ಅಲ್ಲಾಡಿಸಿದರೆ ಪರದೆಯ ಮೇಲೆ ಬೇಡದ ಅಕ್ಷರಗಳು ಬೀಳುತ್ತವೆ, ಏಕೆಂದರೆ ಆ ಪೋರ್ಟ್ ಕೀಬೋರ್ಡಿನ ಗೆರೆಗಳನ್ನೇ ಹಂಚಿಕೊಂಡಿದೆ. ಅದರ ಐದು ವೋಲ್ಟ್ ಪಿನ್ ಕೊಡುವುದು ಹೆಚ್ಚೆಂದರೆ 50 ಮಿಲಿಆಂಪ್. ಅಡಾಪ್ಟರ್ ಮೂಲಕ ಆಪ್ಟಿಕಲ್ ಮೌಸ್ ಹಾಕುವವರು ಅದರ ಲೇಬಲ್ಲಿನಲ್ಲಿರುವ ಆಂಪಿಯರ್ ನೋಡಲೇಬೇಕು.

ಮೇಲಿರುವ ಚೆಂಡನ್ನು ಕೈಯಿಂದ ಉರುಳಿಸುವ ಟ್ರ್ಯಾಕ್‌ಬಾಲ್‌ಗೂ ಇದೇ ನಿಯಮ: ಪ್ಲಗ್ ಕೂತರೆ ಸಾಲದು, ಸಂಕೇತವೂ ಹೊಂದಬೇಕು. ಅಟಾರಿ ಸಿಎಕ್ಸ್22 ಟ್ರ್ಯಾಕ್‌ಬಾಲಿನ ಸ್ವಿಚ್ಚನ್ನು ಜಾಯ್‌ಸ್ಟಿಕ್ ಕಡೆ ತಳ್ಳಿದರೆ ಜಾಯ್‌ಸ್ಟಿಕ್ ಆಟಗಳಿಗೆ ಒದಗುತ್ತದೆ, ಆದರೆ ಚೆಂಡನ್ನು ಎಷ್ಟು ಜೋರಾಗಿ ಉರುಳಿಸಿದರೂ ವೇಗ ಅಷ್ಟೇ. ಯಾವುದನ್ನೇ ಆಗಲಿ, ಕಂಪ್ಯೂಟರ್ ಆಫ್ ಮಾಡಿಯೇ ಸಿಕ್ಕಿಸಿ: ಕಮೊಡೊರ್‌ನಲ್ಲಿ ಈ ಪೋರ್ಟಿನ ಹಿಂದಿರುವ 6526 ಚಿಪ್ ಸ್ಟ್ಯಾಟಿಕ್ ವಿದ್ಯುತ್ ತಗುಲಿದರೆ ಸುಟ್ಟುಹೋಗುತ್ತದೆ, ಜೊತೆಗೆ ಕೀಬೋರ್ಡೂ ಕೈಕೊಡುತ್ತದೆ.