ಸ್ಯಾನ್ ಹೋಸೆಯ ಹಿತ್ತಲಲ್ಲಿ ಏರುಮಡಿ

ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಳೆ ಚಳಿಗಾಲದ್ದು. ನವೆಂಬರಿನಿಂದ ಮಾರ್ಚ್‌ವರೆಗೆ ಬಂದರೆ ಬಂತು, ಆಮೇಲೆ ಬೇಸಿಗೆ ಪೂರ್ತಿ ಒಂದು ಹನಿ ಬೀಳುವುದೂ ಅಪರೂಪ. ಊರಿನ ಮುಂಗಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದಕ್ಕೇ ತರಕಾರಿಗೆ ಏರುಮಡಿ, ಅಂದರೆ ನೆಲದ ಮೇಲೆ ಹಲಗೆಯ ಚೌಕಟ್ಟು ಕೂರಿಸಿ ಮಣ್ಣು ತುಂಬಿದ ಪಾತಿ, ಕಟ್ಟುವಾಗ ನಾನು ಬೇಸಿಗೆಯಲ್ಲಿ ತೇವ ಉಳಿಯೋದು ಹೇಗೆ ಅಂತಲೇ ಜಾಸ್ತಿ ಯೋಚಿಸಿದೆ.

ನಮ್ಮ ಹಿತ್ತಲದು ಜೇಡಿಮಣ್ಣು. ಆಗಸ್ಟಿನಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ, ಜನವರಿಯಲ್ಲಿ ಚಪ್ಪಲಿಯನ್ನೇ ಬಿಡುವುದಿಲ್ಲ. ಆದ್ದರಿಂದ ರೆಡ್‌ವುಡ್ ಹಲಗೆ ತಂದು 8 ಅಡಿ ಉದ್ದ, 4 ಅಡಿ ಅಗಲದ ಚೌಕಟ್ಟು ಮಾಡಿದೆ. ನಾಲ್ಕಡಿಗಿಂತ ಅಗಲ ಬೇಡ, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕಬೇಕಲ್ವಾ. ಎಂಟಿಂಚು ಅಂತ ಮಾರುವ ಹಲಗೆ ನಿಜವಾಗಿ ಏಳೂಕಾಲು ಇಂಚು ಇರುತ್ತದೆ, ಎರಡನ್ನು ಒಂದರ ಮೇಲೊಂದು ಕೂರಿಸಿದರೆ ಹದಿನಾಲ್ಕೂವರೆ. ಸೊಂಟದೆತ್ತರದ ಮಡಿ ನೋಡೋಕೆ ಚೆಂದ, ಬಗ್ಗೋದೂ ತಪ್ಪುತ್ತದೆ, ಆದರೆ ಈ ಒಣ ಬೇಸಿಗೆಯಲ್ಲಿ ಅದು ಬೇಗ ಕಾದು ಬೇಗ ಒಣಗುತ್ತದೆ. ನನಗಂತೂ ಇಷ್ಟೇ ಸಾಕು.

ತಳಕ್ಕೆ ಅರ್ಧ ಇಂಚಿನ ಕಣ್ಣಿನ ತಂತಿ ಜಾಲರಿ ಹಾಸಿ, ಅಂಚನ್ನು ಹಲಗೆಗೆ ಮೊಳೆ ಹೊಡೆದು ಬಿಗಿದೆ. ಇದನ್ನು ಮಾತ್ರ ಬಿಡಬೇಡಿ. ಇಲ್ಲಿ ಗೋಫರ್ ಅಂತ ಹೆಗ್ಗಣದಂಥ ಪ್ರಾಣಿ ನೆಲದೊಳಗೇ ಸುರಂಗ ಕೊರೆದುಕೊಂಡು ಬಂದು ಬೇರನ್ನು ತಿನ್ನುತ್ತದೆ, ಮಣ್ಣು ತುಂಬಿದ ಮೇಲೆ ಜಾಲರಿ ಹಾಕೋಣ ಅಂದರೆ ಆಗೋ ಮಾತಲ್ಲ. ತುಂಬೋಕೆ ಸುಮಾರು 38 ಘನ ಅಡಿ ಮಣ್ಣು ಬೇಕಾಯಿತು. ಮೂರನೇ ಒಂದು ಭಾಗ ಕಾಂಪೋಸ್ಟ್, ಸ್ವಲ್ಪ ತೆಂಗಿನ ನಾರಿನ ಪುಡಿ, ಉಳಿದದ್ದು ಮೇಲ್ಮಣ್ಣು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಮಣ್ಣು ಕುಸಿಯುತ್ತದೆ, ಪ್ರತಿ ವರ್ಷ ಮೇಲೆ ಒಂದೆರಡು ಇಂಚು ಕಾಂಪೋಸ್ಟ್ ಹಾಕುತ್ತೇನೆ.

ನೀರಿಗೆ ಡ್ರಿಪ್. ಆರಿಂಚಿಗೊಂದು ತೂತಿರುವ ಸಣ್ಣ ಪೈಪುಗಳನ್ನು ಉದ್ದಕ್ಕೆ ಎಳೆದು, ಮೇಲೆ ಮೂರು ಇಂಚು ಒಣಹುಲ್ಲು ಹೊದಿಸಿದೆ. ನೀರು ಸಾಕೋ ಬೇಕೋ ಅಂತ ಗೊತ್ತಾಗಬೇಕಾದರೆ ಹುಲ್ಲು ಸರಿಸಿ ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ ನೋಡುತ್ತೇನೆ. ಮೇಲೆ ಒಣಗಿ ಒಳಗೆ ತಣ್ಣಗಿದ್ದರೆ ಸುಮ್ನೆ ಬಿಡುತ್ತೇನೆ. ಮಧ್ಯಾಹ್ನ ಎಲೆ ಬಾಡಿತು ಅಂತ ಗಾಬರಿಯಾಗಿ ನೀರು ಬಿಡೋದು ಬೇಡ, ಸಂಜೆಗೆ ತಾನೇ ಎದ್ದರೆ ಅದು ಬಿಸಿಲಿನ ಬಳಲಿಕೆ ಅಷ್ಟೇ.

ಟೊಮೆಟೊ, ಬದನೆ, ಮೆಣಸಿನ ಸಸಿಗಳನ್ನು ಏಪ್ರಿಲ್ ಕೊನೆಗೆ, ರಾತ್ರಿಯ ಚಳಿ 10 ಡಿಗ್ರಿಗಿಂತ ಕೆಳಗೆ ಇಳಿಯೋದು ನಿಂತ ಮೇಲೆ ನೆಡುತ್ತೇನೆ. ಬೆಂಡೆಗೆ ಇನ್ನೂ ಕಾವು ಬೇಕು, ಬೀಜ ಮೇ ತಿಂಗಳಲ್ಲಿ. ಅವರೆ ಚಪ್ಪರ ಉತ್ತರದ ಅಂಚಿಗೆ, ಇಲ್ಲದಿದ್ದರೆ ಉಳಿದ ಗಿಡಕ್ಕೆಲ್ಲ ನೆರಳು. ಅದು ಬೇಸಿಗೆಯಿಡೀ ಬರೀ ಬಳ್ಳಿ ಬಿಡುತ್ತಾ ಕೂರುತ್ತದೆ, ಹಗಲು ಕಿರಿದಾದ ಮೇಲೇ ಹೂವು, ಅಲ್ಲಿವರೆಗೆ ಕಿತ್ತು ಹಾಕದೆ ತಾಳ್ಮೆಯಿಂದ ಇರಬೇಕು.

ಕೊತ್ತಂಬರಿ, ಸಬ್ಬಸಿಗೆಯನ್ನು ಜೂನಿನಲ್ಲಿ ಹಾಕಿದರೆ ಎಲೆಗೆ ಮೊದಲೇ ಹೂ ತೆಗೆಯುತ್ತವೆ. ಅವಕ್ಕೆ ಅಕ್ಟೋಬರ್ ಸರಿ, ಜೊತೆಗೆ ಮೆಂತ್ಯ, ಪಾಲಕ್, ಮೂಲಂಗಿ, ಬಟಾಣಿ. ಮಳೆ ಹಿಡಿದ ಮೇಲೆ ಡ್ರಿಪ್ಪಿನ ಟೈಮರ್ ಆಫ್ ಮಾಡಿಬಿಡುತ್ತೇನೆ.