ಮನೆಯ ಮಷೀನಿನಲ್ಲಿ ಕೌದಿಯ ಮೇಲೆ ಬಳ್ಳಿ ಎಳೆಯುವುದು

ಕೌದಿಯ ಪದರಗಳನ್ನು ಮಷೀನಿನಲ್ಲಿ ಬಳ್ಳಿ, ಸುರುಳಿ ಬಿಡಿಸುತ್ತ ಹೊಲಿಯುವುದಕ್ಕೆ ಫ್ರೀ ಮೋಷನ್ ಕ್ವಿಲ್ಟಿಂಗ್ ಎನ್ನುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ಅದಕ್ಕೆ ದಪ್ಪ ಪಾಲಿಯೆಸ್ಟರ್ ವ್ಯಾಡಿಂಗ್, ಅಂದರೆ ಪದರಗಳ ನಡುವೆ ತುಂಬುವ ಮೆತ್ತನೆಯ ಹಾಸು, ತರಬೇಡಿ. ಕ್ವಿಲ್ಟ್ ಎಂದ ಕೂಡಲೇ ಅಂಗಡಿಯವರು ಅದರ ಸುರುಳಿ ಬಿಚ್ಚಿ ತೋರಿಸುತ್ತಾರೆ. ಉಬ್ಬಿಕೊಂಡು ಚೆಂದ ಕಾಣುತ್ತದೆ, ನಿಜ. ಆದರೆ ಮುಂಬಯಿಯ ಸೆಕೆಗೆ ಅದನ್ನು ಹೊದೆಯುವವರು ಯಾರು? ಇನ್ನೊಂದು, ಮನೆಯ ಮಷೀನಿನಲ್ಲಿ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಇರುವುದು ಆರೇಳು ಇಂಚು ಜಾಗ. ಅಷ್ಟರಲ್ಲಿ ಆ ಉಬ್ಬನ್ನು ಸುತ್ತಿ ತೂರಿಸುವುದರಲ್ಲೇ ಹೊಸಬರ ಉತ್ಸಾಹ ಮುಗಿಯುತ್ತದೆ. ನಮ್ಮ ಧಾರವಾಡದ ಕಡೆ ಕೌದಿಗೆ ಹಾಕುವ ಹಾಗೆ ಹಳೆಯ ಕಾಟನ್ ಸೀರೆಯ ಎರಡು ಪದರ ನಡುವೆ ಹಾಕಿ. ತೆಳ್ಳಗಿರುತ್ತದೆ, ಜಾರುವುದಿಲ್ಲ, ಕೈ ಹೇಳಿದ ಕಡೆ ಬರುತ್ತದೆ. ಮೇಲೆ ಹಾಕುವ ಹೊಸ ಬಟ್ಟೆಗೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಳದಾಸ್ ಮಾರ್ಕೆಟ್ಟಿಗೆ ಹೋಗಿ. ತಂದದ್ದನ್ನು ಒಮ್ಮೆ ಒಗೆದು ಒಣಗಿಸಿಯೇ ಕತ್ತರಿಸಿ. ಕೆಂಪು ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ಬಿಳಿ ಚಿಂದಿ ಒತ್ತಿ ನೋಡಿ.

ಫ್ರೀ ಮೋಷನ್ ಕ್ವಿಲ್ಟಿಂಗ್ ಅನ್ನುವುದರ ಗುಟ್ಟು ಇಷ್ಟೇ. ಸಾಮಾನ್ಯ ಹೊಲಿಗೆಯಲ್ಲಿ ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಅಳತೆ ಮಾಡಿದ ಹಾಗೆ ಹಿಂದಕ್ಕೆ ಎಳೆಯುತ್ತವೆ. ಇಲ್ಲಿ ಆ ಹಲ್ಲುಗಳಿಗೆ ರಜೆ. ಬಟ್ಟೆಯನ್ನು ನಾವೇ ಬೇಕಾದ ದಿಕ್ಕಿಗೆ ಸರಿಸುತ್ತೇವೆ, ತಿರುಗಿಸುವ ಗೋಜಿಲ್ಲ. ರಿಂಗ್ ಹಾಕಿ ಮಷೀನ್ ಎಂಬ್ರಾಯ್ಡರಿ ಕಲಿತವರಿಗೆ ಇದರಲ್ಲಿ ಅರ್ಧ ವಿದ್ಯೆ ಆಗಲೇ ಬಂದಿದೆ.

ಹೊಸ ಮಷೀನುಗಳಲ್ಲಿ ಹಲ್ಲು ಇಳಿಸಲು ಚಿಕ್ಕ ಹಿಡಿ ಇರುತ್ತದೆ, ಇಲ್ಲವೇ ಹಲ್ಲು ಮುಚ್ಚುವ ತಗಡು ಕೊಟ್ಟಿರುತ್ತಾರೆ. ಕಾಲಿನಿಂದ ತುಳಿಯುವ ಹಳೆಯ ಕಪ್ಪು ಮಷೀನಿನಲ್ಲಿ ಎರಡೂ ಇಲ್ಲದಿದ್ದರೆ ಹೊಲಿಗೆಯ ಉದ್ದವನ್ನು ಸೊನ್ನೆಗೆ ಇಡಿ. ಹಳೆಯ ವಿಸಿಟಿಂಗ್ ಕಾರ್ಡಿಗೆ ಸೂಜಿ ಹೋಗುವಷ್ಟು ತೂತು ಮಾಡಿ ಹಲ್ಲಿನ ಮೇಲೆ ಟೇಪಿನಿಂದ ಅಂಟಿಸಿ. ತುಳಿಯುವ ಮಷೀನು ಇದ್ದವರು ಬೇಸರಪಡಬೇಕಿಲ್ಲ. ಮೋಟರಿಗಿಂತ ಕಾಲಿನ ಲಯ ಎಷ್ಟೋ ಸಲ ಹದವಾಗಿರುತ್ತದೆ.

ಕೊಳ್ಳಬೇಕಾದದ್ದು ಒಂದು ಡಾರ್ನಿಂಗ್ ಫುಟ್. ಫುಟ್ ಅಂದರೆ ಸೂಜಿಯ ಬಳಿ ಬಟ್ಟೆಯ ಮೇಲೆ ಕೂರುವ ಮಷೀನಿನ ಪಾದ. ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಗೆ ಹೋಗುವಾಗ ನಿಮ್ಮ ಮಷೀನಿನ ಹಳೆಯ ಫುಟ್ ಬಿಚ್ಚಿ ಪರ್ಸಿನಲ್ಲಿ ಹಾಕಿಕೊಂಡು ಹೋಗಿ. ಎರಡನ್ನೂ ಪಕ್ಕಪಕ್ಕ ಹಿಡಿದು ಎತ್ತರ ನೋಡದೆ ದುಡ್ಡು ಕೊಡಬೇಡಿ. ಕೂರಿಸುವಾಗ ಅದರ ಮೇಲಿನ ಕಡ್ಡಿ ಸೂಜಿ ಬಿಗಿಯುವ ತಿರುಪಿನ ಮೇಲೆ ಬರಬೇಕು. ಆಗಲೇ ಅದು ಸೂಜಿಯ ಜೊತೆ ಕುಣಿಯುವುದು. ಸೂಜಿ 14 ನಂಬರಿನದು, ಪೊಟ್ಟಣದ ಮೇಲೆ 90/14 ಎಂದಿರುತ್ತದೆ. ಮಳೆಗಾಲದಲ್ಲಿ ಇಲ್ಲಿನ ತೇವಕ್ಕೆ ಸೂಜಿಗೆ ತುಕ್ಕು ಹಿಡಿಯುತ್ತದೆ. ದಾರ ಪದೇಪದೇ ತುಂಡಾದರೆ ಮಷೀನನ್ನು ಬೈಯುವ ಮೊದಲು ಸೂಜಿ ಬದಲಿಸಿ.

ಪದರ ಹಾಸಲು ನೆಲವೇ ಬೇಕು. ಮುಂಬಯಿಯ ಮುಲುಂಡಿನ ನಮ್ಮ ಮನೆಯ ಹಾಲಿನಲ್ಲಿ ಟೀಪಾಯಿ ಅಡುಗೆಮನೆಗೆ ಹೋದ ಮೇಲೆಯೇ ಈ ಕೆಲಸ. ಅಡಿಯ ಬಟ್ಟೆಯ ಉಲ್ಟಾ ಮಗ್ಗುಲು ಮೇಲೆ ಬರುವ ಹಾಗೆ ಹಾಸಿ, ಸುಕ್ಕಿಲ್ಲದಂತೆ, ಆದರೆ ಜಗ್ಗದಂತೆ, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಅದು ಮೇಲಿನ ಬಟ್ಟೆಗಿಂತ ನಾಲ್ಕೂ ಕಡೆ ಮೂರು ಇಂಚು ದೊಡ್ಡದಿರಲಿ. ಅದರ ಮೇಲೆ ಸೀರೆಯ ಪದರ, ಕೊನೆಗೆ ಮೇಲಿನ ಬಟ್ಟೆ. ನಡುವಿನಿಂದ ಶುರುಮಾಡಿ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕುತ್ತ ಹೊರಗೆ ಬನ್ನಿ. ಗುಂಡುಪಿನ್ನು ಬೇಡ, ಕೈಗೆ ಚುಚ್ಚುತ್ತದೆ, ಕಳಚಿಯೂ ಬೀಳುತ್ತದೆ.

ಇನ್ನು ಹೊಲಿಗೆ. ಮೊದಲಿಗೇ ಎದುರಿಗೆ ಕೌದಿ ಬೇಡ, ಅಭ್ಯಾಸಕ್ಕೆ ಅದೇ ಬಗೆಯ ಪದರದ ಒಂದಡಿ ಅಗಲದ ಚೌಕ ಇರಲಿ. ಚಕ್ರ ತಿರುಗಿಸಿ ಸೂಜಿಯನ್ನು ಒಮ್ಮೆ ಇಳಿಸಿ ಎತ್ತಿ, ಅಡಿಯ ಬಾಬಿನ್ ದಾರವನ್ನು ಮೇಲಕ್ಕೆ ಎಳೆದುಕೊಳ್ಳಿ. ಎರಡೂ ದಾರ ಹಿಡಿದು ಅಲ್ಲೇ ಮೂರು ನಾಲ್ಕು ಚಿಕ್ಕ ಹೊಲಿಗೆ ಹಾಕಿ, ತುದಿ ಕತ್ತರಿಸಿ. ಇದಕ್ಕೆ ಮೊದಲು ಫುಟ್ ಇಳಿಸಿದ್ದೀರಾ? ಡಾರ್ನಿಂಗ್ ಫುಟ್ ಬಟ್ಟೆಯನ್ನು ಒತ್ತಿ ಹಿಡಿಯುವುದಿಲ್ಲವಾದ್ದರಿಂದ ಇಳಿಸಿದರೂ ಎತ್ತಿದ ಹಾಗೇ ಕಾಣುತ್ತದೆ. ಫುಟ್ ಇಳಿಸುವ ಹಿಡಿ ಮೇಲಿದ್ದರೆ, ಮೇಲಿನ ದಾರವನ್ನು ಬಿಗಿಯುವ ಟೆನ್ಷನ್ ಬಿಲ್ಲೆಗಳು ಅದನ್ನು ಹಿಡಿಯುವುದಿಲ್ಲ. ಮೇಲೆ ಎಲ್ಲ ಸರಿಯಾಗಿದೆ ಅನಿಸುತ್ತಿರುವಾಗ ಅಡಿಯಲ್ಲಿ ದಾರ ಮುದ್ದೆಯಾಗುತ್ತಿರುತ್ತದೆ.

ಹೊಲಿಗೆಯ ಉದ್ದ ಈಗ ಯಾವ ಗುಂಡಿಯಲ್ಲೂ ಇಲ್ಲ. ಕಾಲಿನ ವೇಗಕ್ಕೂ ಕೈಯ ವೇಗಕ್ಕೂ ಹೊಂದಿಕೆಯಾದರೆ ಅದೇ ಉದ್ದ. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬಂದರೆ ಸಾಕು. ಹೆದರಿದವರು ಮಷೀನನ್ನು ತೀರಾ ನಿಧಾನ ಓಡಿಸಿ ಕೈಯನ್ನು ಸರಸರ ತಳ್ಳುತ್ತಾರೆ, ಹೊಲಿಗೆಗಳು ಉದ್ದುದ್ದ ಬೀಳುತ್ತವೆ. ಇದಕ್ಕೆ ಉಲ್ಟಾ ಮಾಡಿ. ಮಷೀನು ಒಂದೇ ಸಮ, ಸ್ವಲ್ಪ ಜೋರಾಗಿಯೇ ಓಡಲಿ, ಕೈ ನಿಧಾನ ಇರಲಿ. ಕಿವಿಗೆ ಬೀಳುವ ಸದ್ದು ಏರಿಳಿಯಬಾರದು. ಎರಡೂ ಅಂಗೈಗಳನ್ನು ಸೂಜಿಯ ಅಕ್ಕಪಕ್ಕ ಚಪ್ಪಟೆಯಾಗಿ ಇಡಿ. ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಚುಕ್ಕೆಯ ಕೈಗವಸು ಹಾಕಿದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಶ್ರಮ ಉಳಿಯುತ್ತದೆ, ಭುಜವೂ ನೋಯುವುದಿಲ್ಲ. ಕಣ್ಣು ಸೂಜಿಯ ಮೇಲೆ ಬೇಡ, ಮುಂದೆ ಹೋಗಬೇಕಾದ ಅರ್ಧ ಇಂಚಿನ ಮೇಲಿರಲಿ. ಕೈ ಬದಲಿಸಬೇಕೆಂದರೆ ಸೂಜಿಯನ್ನು ಬಟ್ಟೆಯಲ್ಲಿ ಇಳಿಸಿಯೇ ನಿಲ್ಲಿಸಿ.

ಮೊದಲು ಏನು ಬಿಡಿಸಬೇಕು? ಎಲ್ಲರೂ ಒಂದನ್ನೊಂದು ಮುಟ್ಟದೆ ಸುತ್ತುವ ಅಂಕುಡೊಂಕು ಗೆರೆಯಿಂದ ಶುರುಮಾಡಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಿಕ್ಕಿಹಾಕಿಕೊಳ್ಳುವ ಭಯ ಅದರಲ್ಲೇ ಹೆಚ್ಚು. ಕನ್ನಡ ಬರೆಯುವ ಕೈ ನಮ್ಮದು, ಆ ದುಂಡು ಯಾಕೆ ಬಿಡಬೇಕು? ‘ರ’ ಅಕ್ಷರವನ್ನು ಪೆನ್ಸಿಲ್ ಎತ್ತದೆ ಸಾಲಾಗಿ ಕಾಗದದ ಮೇಲೆ ಬರೆಯಿರಿ, ಒಂದರ ಬಾಲದಿಂದಲೇ ಇನ್ನೊಂದು ಹುಟ್ಟುವ ಹಾಗೆ. ಆಮೇಲೆ ‘ಲ’. ಕೈಗೆ ಹತ್ತಿದ ಮೇಲೆ ಅದನ್ನೇ ದಾರದಲ್ಲಿ ಬರೆಯಿರಿ. ಗೆರೆಯ ಮೇಲೆ ಗೆರೆ ಹಾಯ್ದರೂ ತಪ್ಪು ಕಾಣದ ಸುರುಳಿಗಳು ತಾವಾಗಿ ಬರುತ್ತವೆ. ಬಳ್ಳಿ, ಎಲೆ, ಮಾವಿನಕಾಯಿ ನಂತರ. ಎಳೆ ರಂಗೋಲಿ ಹಾಕುವವರಿಗೆ ಮುಂದಿನ ತಿರುವು ಮೊದಲೇ ಕಾಣುವ ಹಾಗೆ ಇದರಲ್ಲೂ ಕೆಲವೇ ದಿನಗಳಲ್ಲಿ ಕಾಣತೊಡಗುತ್ತದೆ.

ಆಗಾಗ ಬಟ್ಟೆ ತಿರುಗಿಸಿ ನೋಡಿ. ಅಡಿಯ ದಾರ ಮೇಲೆ ಚುಕ್ಕಿಚುಕ್ಕಿಯಾಗಿ ಇಣುಕಿದರೆ ಮೇಲಿನ ಟೆನ್ಷನ್ ಬಿಗಿಯಾಗಿದೆ, ಸ್ವಲ್ಪ ಸಡಿಲಿಸಿ. ಹಿಂದೆ ತಿರುವುಗಳಲ್ಲಿ ಮಾತ್ರ ಸಣ್ಣ ಕುಣಿಕೆಗಳು ಎದ್ದಿದ್ದರೆ ತಿರುಗುವಾಗ ಕೈ ಜೋರಾಗಿ ಹಾರಿದೆ ಎಂದರ್ಥ. ಎಲ್ಲ ಕಡೆ ಕುಣಿಕೆ ಇದ್ದರೆ ಫುಟ್ ಎತ್ತಿ ಮೇಲಿನ ದಾರವನ್ನು ಹೊಸದಾಗಿ ಪೋಣಿಸಿ, ಆಮೇಲೂ ಹೋಗದಿದ್ದರೆ ಟೆನ್ಷನ್ ಹೆಚ್ಚಿಸಿ. ಮೇಲೆ ಕೆಳಗೆ ಒಂದೇ ಬಣ್ಣದ ದಾರ ಹಾಕಿದರೆ ಅರ್ಧ ಕೊರತೆ ಕಣ್ಣಿಗೇ ಬೀಳುವುದಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಗೆ ಬರುತ್ತಾರೆ. ತೊಡೆಯ ಮೇಲಿಟ್ಟು ಕೈಯಲ್ಲಿ ಹೊಲಿಯುವಾಗ ಸುಕ್ಕನ್ನು ಬೆರಳೇ ಬಿಡಿಸುತ್ತದೆ. ಮಷೀನಿನಲ್ಲಿ ಹಾಗೆ ಹೋದರೆ ಸುಕ್ಕೆಲ್ಲ ನಡುವೆ ಬಂದು ಕೂರುತ್ತದೆ. ನಮ್ಮದು ನಡುವಿನಿಂದ ಹೊರಗೆ. ಮಷೀನಿನ ಎಡಕ್ಕೆ ಅದೇ ಎತ್ತರಕ್ಕೆ ಪುಸ್ತಕ ಜೋಡಿಸಿ, ಪಕ್ಕದಲ್ಲಿ ಕುರ್ಚಿ ಇಟ್ಟು ಅದರ ಮೇಲೆ ಕೌದಿ ಹೊರಿಸಿ. ತೂಕ ಕೆಳಗೆ ಜೋತರೆ ಹೊಲಿಗೆ ಎಳೆದುಕೊಳ್ಳುತ್ತದೆ. ಅಡಿಯ ಮಹಡಿಯವರಿಗಾಗಿ ಮಷೀನಿನ ಕೆಳಗೆ ರಬ್ಬರ್ ಚಾಪೆ ಹಾಕಿ.

ದೊಡ್ಡ ಕೌದಿಯೇ ಬೇಕೆಂದರೆ ಹದಿನಾಲ್ಕು ಇಂಚಿನ ಚೌಕಗಳನ್ನು ಒಂದೊಂದಾಗಿ ಮುಗಿಸಿ, ಸುತ್ತ ಅರ್ಧ ಇಂಚು ಖಾಲಿ ಬಿಟ್ಟು. ಹಲ್ಲು ಮೇಲೆತ್ತಿ, ಮಾಮೂಲಿ ಫುಟ್ ಹಾಕಿ ಅವನ್ನು ಜೋಡಿಸಿ, ಹಿಂಬದಿಯ ಜೋಡುಗಳ ಮೇಲೆ ಎರಡು ಇಂಚಿನ ಪಟ್ಟಿ ಮಡಚಿ ಹೊಲಿಯಿರಿ. ಪ್ರತಿ ಚೌಕದ ನಂತರ ಬಾಬಿನ್ ಕೇಸ್ ತೆಗೆದು ಬ್ರಷ್‌ನಿಂದ ನೂಲಿನ ಧೂಳು ತೆಗೆಯಿರಿ. ಹಳೆಯ ಸೀರೆ ವಿಪರೀತ ಧೂಳು ಬಿಡುತ್ತದೆ.